ಮೃಗಕ್ಕೆ ಮರುಗಿದವರು

ಕಳೆದ ಬೇಸಗೆಯ ರಜಕ್ಕೆ ಬೆಂಗಳೂರಿನಿಂದ ಸೋಮನಹಳ್ಳಿಗೆ ಬಂದಿದ್ದ ನನ್ನ ಮೊಮ್ಮಗ ಒಂದು ರಾತ್ರಿ ಊಟವಾದ ಮೇಲೆ ಟಿ.ವಿ.ಯಲ್ಲಿ ಹಳೆಯ ಜಪಾನೀ ಚಲನಚಿತ್ರವೊಂದನ್ನು ಹಾಕಿ, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡ. ಬೆಟ್ಟದಷ್ಟು ದೊಡ್ಡದಾದ ಒಂದು ಮೃಗ. ಆ ಮೃಗದ ಆಕಾರದಲ್ಲಿಯೇ ಲೋಹದಿಂದ ಮಾಡಿದ ಒಂದು ಯಂತ್ರ. ಇವೆರಡರ ಕಾಳಗವೇ ಅದರ ಕಥಾವಸ್ತು. ಹುಡುಗ ಯಂತ್ರದ ಪಕ್ಷ. ಅದರ ಬೆರಳುಗಳಿಂದ ಕ್ಷಿಪಣಿಗಳು ಹಾರಿದಾಗ, ಕಣ್ಣುಗಳಿಂದ ಬಣ್ಣಬಣ್ಣದ ಕಿರಣಗಳು ಹೊಮ್ಮಿದಾಗ, ಅವನು ಚಪ್ಪಾಳೆ ತಟ್ಟಿ ಕುಣಿಯುತ್ತಿದ್ದ. ನಡುವೆ ಒಮ್ಮೆ ನನ್ನತ್ತ ತಿರುಗಿ, ತಾತ ಯಾರ ಕಡೆ ಎಂದು ಕೇಳಿದ. ನಾನು ತಡವರಿಸಿದೆ.

ತಡವರಿಸಲು ಕಾರಣವಿತ್ತು. ನಾನು ಏಳೆಂಟು ವರ್ಷದವನಾಗಿದ್ದಾಗ ನಮ್ಮ ಆಲೆಮನೆಯಲ್ಲಿ ಎತ್ತಿನ ಗಾಣವಿತ್ತು. ರಾಮ ಲಕ್ಷ್ಮಣ ಎಂಬ ಜೋಡಿ ಎತ್ತುಗಳು ಬೆಳಗಿನ ಜಾವದಿಂದ ಅದನ್ನು ಸುತ್ತುತ್ತಿದ್ದುವು. ಒಂದು ವರ್ಷ ಎಣ್ಣೆಯ ಎಂಜಿನ್ನು ಬಂದಿತು. ಅದರ ಧಡಧಡ ಸದ್ದಿಗೆ ಊರಿನ ಹುಡುಗರೆಲ್ಲ ಮರುಳಾದೆವು. ಎತ್ತುಗಳನ್ನು ಮಾರಲು ಹೊಡೆದುಕೊಂಡು ಹೋದ ದಿನ ನಾನು ಎಂಜಿನ್ನಿನ ಬಳಿಯಲ್ಲಿಯೇ ಕುಳಿತಿದ್ದೆ. ಅವುಗಳ ಗಂಗೆದೊಗಲನ್ನು ಒಮ್ಮೆ ಸವರುವುದಕ್ಕೂ ಮೇಲೇಳಲಿಲ್ಲ. ಸಂಜೆ ಬರಿಯ ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು ಮರಳಿದ ತಂದೆಯವರು ಊಟ ಮಾಡದೆ ಮಲಗಿದರು. ಅದೇಕೆಂದು ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದುವು.

ಚಿತ್ರ ಮುಗಿಯುವ ಹೊತ್ತಿಗೆ ಹುಡುಗ ನಿದ್ದೆಹೋಗಿದ್ದ. ನಾನು ಮಾತ್ರ ಎದ್ದು ಕುಳಿತಿದ್ದೆ. ಗೆದ್ದ ಮೃಗ ಜಯಘೋಷವಿಲ್ಲದೆ, ಒಂಟಿಯಾಗಿ, ಬಂದ ದಾರಿ ಹಿಡಿದು ಕಡಲಿಗಿಳಿಯಿತು. ಹೈಸ್ಕೂಲಿನ ಮಕ್ಕಳಿಗೆ ರನ್ನನ ದುರ್ಯೋಧನನಿಗೂ ನಾಗಚಂದ್ರನ ರಾವಣನಿಗೂ ಮರುಗುವುದನ್ನು ಮೂವತ್ತು ವರ್ಷ ಕಲಿಸಿದವನು ನಾನು. ಆ ಮರುಕದ ಧ್ವನಿಯನ್ನು ಬಲ್ಲೆ. ಮಕ್ಕಳಾಟದಂತಿರುವ ಈ ಚಿತ್ರದಲ್ಲಿ ಆ ಧ್ವನಿಯನ್ನು ತಂದವರು ಯಾರು ಎಂಬ ಕುತೂಹಲದಿಂದ ಓದತೊಡಗಿದೆ. ಹೀಗೆ ನನಗೆ ಪರಿಚಯವಾದವರು ಇಷಿರೊ ಹೊಂಡ ಅವರು.

*

ಹೊಂಡ ಅವರು ಹುಟ್ಟಿದ್ದು 1911ನೆಯ ಇಸವಿ ಮೇ 7ರಂದು, ಉತ್ತರ ಜಪಾನಿನ ಯಮಗತ ಪ್ರಾಂತದ ಅಸಾಹಿ ಎಂಬ ಬೆಟ್ಟದ ಸೀಮೆಯ ಹಳ್ಳಿಯಲ್ಲಿ. ತಂದೆ ಬೌದ್ಧ ದೇವಾಲಯದ ಅರ್ಚಕರು. ಐವರು ಮಕ್ಕಳಲ್ಲಿ ಇವರೇ ಕಡೆಯವರು. ಬೆಳಗಾದರೆ ಮಂತ್ರಘೋಷ, ಚಳಿಗಾಲ ಬಂದರೆ ಮನೆ ಮುಳುಗುವಷ್ಟು ಹಿಮ, ಇವುಗಳ ನಡುವೆ ಬೆಳೆದ ಬಾಲಕನಿಗೆ ಹೊರಜಗತ್ತಿನ ಕಿಟಕಿಯಾಗಿ ಒದಗಿದುವು, ಸೇನೆಯಲ್ಲಿ ವೈದ್ಯನಾಗಿದ್ದ ಅಣ್ಣ ಕಳುಹಿಸುತ್ತಿದ್ದ ವಿಜ್ಞಾನದ ಪತ್ರಿಕೆಗಳು. ದೇವಾಲಯ ಮತ್ತು ವಿಜ್ಞಾನ ಎಂಬ ಈ ಎರಡು ಸಂಸ್ಕಾರಗಳು ಅವರ ಬಾಳಿನಲ್ಲಿ ಕೊನೆಯವರೆಗೂ ಜೊತೆಜೊತೆಯಾಗಿ ನಡೆದುವು.

ಹತ್ತು ವರ್ಷ ತುಂಬುವ ಹೊತ್ತಿಗೆ ಸಂಸಾರ ಟೋಕಿಯೋ ನಗರಕ್ಕೆ ಬಂದಿತು. ಆಗ ಜಪಾನಿನಲ್ಲಿ ಮೂಕಿ ಚಿತ್ರಗಳ ಕಾಲ. ಪರದೆಯ ಪಕ್ಕದಲ್ಲಿ ನಿಂತು, ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡಿ ಕಥೆ ನಡೆಸುವ ಬೆನ್‌ಶಿ ಎಂಬ ಕಥನಕಾರನಿರುತ್ತಿದ್ದ. ನಮ್ಮ ಹರಿಕಥೆಯ ದಾಸರನ್ನು ನೆನೆದುಕೊಂಡರೆ ವಾಚಕರಿಗೆ ಅವನ ಚಿತ್ರ ಮೂಡೀತು. ಬಾಲಕ ಹೊಂಡ ಮೊದಲು ಮನಸೋತದ್ದು ಪರದೆಗಿಂತ ಹೆಚ್ಚಾಗಿ ಈ ಕಥನಕಾರನಿಗೆ. ಮುಂದೆ ನಿಹೋನ್ ವಿಶ್ವವಿದ್ಯಾನಿಲಯದಲ್ಲಿ ಚಲನಚಿತ್ರ ಕಲೆಯನ್ನು ಅಭ್ಯಾಸ ಮಾಡಿ, 1933ರಲ್ಲಿ ಪಿ.ಸಿ.ಎಲ್. ಎಂಬ ಚಿತ್ರಸಂಸ್ಥೆಯನ್ನು ಸೇರಿದರು. ಇದೇ ಸಂಸ್ಥೆ ಮುಂದೆ ತೊಹೊ ಕಂಪನಿಯಾಯಿತು. ಅಲ್ಲಿ ಕಾಜಿರೊ ಯಮಮೊಟೊ ಎಂಬ ನಿರ್ದೇಶಕರೇ ಗುರುಗಳು. ಅವರ ಕೈಕೆಳಗೆ ಪಳಗಿದ ಇನ್ನೊಬ್ಬ ತರುಣ ಅಕಿರ ಕುರೊಸಾವ. ಇವರಿಬ್ಬರ ಸ್ನೇಹ ಸಾಯುವತನಕ ಬಾಡಲಿಲ್ಲ.

ಕೆಲಸ ಕೈಗೆ ಹತ್ತುವ ಮುನ್ನವೇ ಸೇನೆಯ ಕರೆ ಬಂದಿತು. 1935ರಲ್ಲಿ ಸೈನಿಕರಾದರು. ಮರುವರ್ಷದ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಕೆಲವು ಕಿರಿಯ ಸೇನಾಧಿಕಾರಿಗಳು ಸರಕಾರದ ಮೇಲೆ ದಂಗೆಯೆದ್ದರು. ಅವರಲ್ಲಿ ಕೆಲವರು ಹೊಂಡ ಅವರ ದಳದವರೇ. ಹೊಂಡ ಅದರಲ್ಲಿ ಕೈಯಿಟ್ಟವರಲ್ಲ. ಆದರೂ ಸಂಶಯದ ನೆರಳು ದಳದ ಮೇಲೆಲ್ಲ ಬಿದ್ದು, ಎಲ್ಲರನ್ನೂ ಮಂಚೂರಿಯಕ್ಕೆ ಸಾಗಿಸಿದರು. ಅಲ್ಲಿಂದ ಮುಂದೆ ಹತ್ತು ವರ್ಷಗಳಲ್ಲಿ ಮೂರು ಬಾರಿ ಅವರು ರಣರಂಗಕ್ಕೆ ಹೋಗಬೇಕಾಯಿತು. ನಡುನಡುವೆ ಊರಿಗೆ ಬಂದಾಗ ಸ್ಟುಡಿಯೋದಲ್ಲಿ ಸಹಾಯಕರಾಗಿ ದುಡಿದರು. 1939ರಲ್ಲಿ ಕಿಮಿ ಎಂಬಾಕೆಯನ್ನು ಮದುವೆಯಾದರು. ಗೆಳೆಯ ಕುರೊಸಾವ 1943ರಲ್ಲಿಯೇ ನಿರ್ದೇಶಕರಾದಾಗ ಹೊಂಡ ಅವರ ಯೌವನ ಪರದೇಶದ ಕೆಸರಿನಲ್ಲಿ ಸವೆಯುತ್ತಿತ್ತು.

ಆ ವರ್ಷಗಳಲ್ಲಿ ಹೇಳಿಕೊಳ್ಳಲು ನಾಚಿಕೆಯಾಗುವ ಸಂಗತಿಯೂ ಒಂದುಂಟು. ಸೈನಿಕರ ಭೋಗಕ್ಕೆಂದು ಹೆಂಗಸರನ್ನು ಕೂಡಿಹಾಕಿದ್ದ ಮನೆಯೊಂದರ ಉಸ್ತುವಾರಿ ಕೆಲವು ಕಾಲ ಅವರ ಪಾಲಿಗೆ ಬಂದಿತ್ತು. 1966ರಲ್ಲಿ ಅವರು ಅದನ್ನು ಮುಚ್ಚಿಡದೆ ಬರೆದರು. ಒಬ್ಬರ ಚರಿತ್ರೆಯನ್ನು ಹೇಳಹೊರಟವನು ಇಂಥದನ್ನು ದಾಟಿಹೋಗುವುದು ನ್ಯಾಯವಲ್ಲ. ಯುದ್ಧ ಸಜ್ಜನನನ್ನೂ ತನ್ನ ಯಂತ್ರದ ಒಂದು ಹಲ್ಲನ್ನಾಗಿ ಮಾಡಿಕೊಳ್ಳುತ್ತದೆ. ಆ ಅರಿವು ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಚೀನದ ಹಾಂಕೌ ಪಟ್ಟಣದ ಬಳಿ ಕಾದಾಟದಲ್ಲಿ ಒಂದು ಗುಂಡು ಅವರ ಮುಂದೆಯೇ ಬಂದು ನೆಲಕ್ಕೆ ಬಿದ್ದಿತು, ಆದರೆ ಸಿಡಿಯಲಿಲ್ಲ. ಕಾದಾಟ ನಿಂತ ಮೇಲೆ ಹೊಂಡ ಅಲ್ಲಿಗೇ ಮರಳಿ ಹೋಗಿ ಆ ಗುಂಡನ್ನು ಎತ್ತಿಕೊಂಡರು. ಮುಂದೆ ಅದನ್ನು ಜಪಾನಿಗೆ ಕೊಂಡೊಯ್ದು ತಮ್ಮ ಬರೆಯುವ ಮೇಜಿನ ಮೇಲೆ ಇಟ್ಟುಕೊಂಡರು. ಸಾಯುವವರೆಗೂ ಅದು ಅಲ್ಲಿಯೇ ಇತ್ತು. ಅವರ ಕಥೆಗಳೆಲ್ಲ ಆ ಗುಂಡಿನ ಪಕ್ಕದಲ್ಲಿ ರೂಪುಗೊಂಡುವು ಎಂಬುದನ್ನು ನೆನೆದಾಗ ನನಗೆ ಮೈ ಜುಮ್ಮೆನ್ನುತ್ತದೆ.

1945ರಲ್ಲಿ ಯುದ್ಧ ಮುಗಿದಾಗ ಅವರು ಚೀನೀಯರ ಸೆರೆಯಾಳು. ಸೆರೆಯಲ್ಲಿ ಅವರಿಗೆ ದೊರೆತದ್ದು ಹಗೆತನವಲ್ಲ. ಅಲ್ಲಿನ ಜನರಿಗೆ ಅವರ ಮೇಲೆ ಎಷ್ಟು ಪ್ರೀತಿ ಬೆಳೆಯಿತೆಂದರೆ, ಅಲ್ಲಿಯೇ ನೆಲಸಬಾರದೇ ಎಂದು ಕೇಳಿಕೊಂಡರು. ಹೊರಡುವಾಗ ದೇವಾಲಯದ ಶಿಲೆಗಳ ಮೇಲೆ ಕೆತ್ತಿದ್ದ ಸೂಕ್ತಿಗಳ ಅಚ್ಚುಗಳನ್ನು ಕಾಗದದ ಮೇಲೆ ತೆಗೆದು ಉಡುಗೊರೆಯಾಗಿ ಕೊಟ್ಟರು. ಮುಂದೆ ಆ ಸೂಕ್ತಿಗಳನ್ನು ಹೊಂಡ ತಮ್ಮ ಚಿತ್ರಕಥೆಗಳ ಹಸ್ತಪ್ರತಿಗಳ ಬೆನ್ನಿಗೆ ಬರೆದುಕೊಳ್ಳುತ್ತಿದ್ದರು. 1946ರ ಮಾರ್ಚಿಯಲ್ಲಿ ತಾಯ್ನಾಡಿಗೆ ಮರಳುವಾಗ ಅವರ ರೈಲು ಹಿರೋಷಿಮ ನಗರದ ಮೂಲಕ ಹಾದುಹೋಯಿತು. ಒಂದೇ ಬಾಂಬಿಗೆ ಬೂದಿಯಾದ ಊರನ್ನು ಅವರು ಕಣ್ಣಾರೆ ಕಂಡರು. ಯುದ್ಧದ ಕೆಟ್ಟ ಕನಸುಗಳು ಮುಂದೆ ಅವರನ್ನು ಬಾಳಿನುದ್ದಕ್ಕೂ ಕಾಡಿದುವು.

*

ಮೂವತ್ತೈದು ವರ್ಷದ ಹೊಂಡ ಮತ್ತೆ ಸಹಾಯಕನ ಜಾಗದಲ್ಲಿ ನಿಂತರು. 1949ರಲ್ಲಿ ಕುರೊಸಾವ ತಯಾರಿಸಿದ ‘ಬೀದಿನಾಯಿ’ ಎಂಬ ಅರ್ಥದ ಹೆಸರುಳ್ಳ ಪತ್ತೇದಾರಿ ಚಿತ್ರದಲ್ಲಿ, ಸೋತ ಟೋಕಿಯೋದ ಕಾಳಸಂತೆಗಳನ್ನೂ ಕೊಳಕು ಗಲ್ಲಿಗಳನ್ನೂ ತಿರುಗಿ ಚಿತ್ರಿಸಿಕೊಂಡು ಬಂದವರು ಅವರೇ. ಸ್ವತಂತ್ರ ನಿರ್ದೇಶಕರಾಗಿ ಮೊದಲ ಕಥಾಚಿತ್ರ ಹೊರತಂದಾಗ 1951ನೆಯ ಇಸವಿ, ವಯಸ್ಸು ನಲವತ್ತು. ಕಡಲಿನಲ್ಲಿ ಮುಳುಗಿ ಮುತ್ತು ತೆಗೆಯುವ ಹೆಂಗಸರ ಬಾಳು ಅದರ ವಸ್ತು.

ಅವರ ಹೆಸರನ್ನು ಲೋಕಕ್ಕೆ ಹೊತ್ತುಕೊಂಡುಹೋದದ್ದು 1954ನೆಯ ವರ್ಷ. ಆ ವರ್ಷದ ಮಾರ್ಚಿ 1ರಂದು ಶಾಂತಸಾಗರದ ಬಿಕಿನಿ ದ್ವೀಪವಲಯದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬಿನ ಪರೀಕ್ಷೆ ನಡೆಸಿತು. ಜಪಾನಿನ ಮೀನುಗಾರರ ದೋಣಿಯೊಂದು ಆ ಕಡೆ ಬಲೆ ಬೀಸುತ್ತಿತ್ತು. ಅದರಲ್ಲಿದ್ದ 23 ಜನರ ಮೇಲೂ ವಿಷದ ಬಿಳಿಯ ಬೂದಿ ಸುರಿಯಿತು. ಸೆಪ್ಟೆಂಬರಿನಲ್ಲಿ ಅವರಲ್ಲೊಬ್ಬರು ತೀರಿಕೊಂಡರು. ನಾಡೆಲ್ಲ ತಳಮಳಗೊಂಡಿತು. ತೊಹೊ ಸಂಸ್ಥೆಯ ನಿರ್ಮಾಪಕ ತೊಮೊಯುಕಿ ತನಾಕ ಅವರಿಗೆ ಆಗ ಹೊಳೆದ ಕಥೆ ಇದು: ಕಡಲಿನ ಆಳದಲ್ಲಿ ತನ್ನ ಪಾಡಿಗೆ ತಾನಿದ್ದ ಪುರಾತನ ಮೃಗವೊಂದು ಬಾಂಬಿನ ಪರೀಕ್ಷೆಯಿಂದ ನೆಲೆ ತಪ್ಪಿ ಎದ್ದು ಬಂದು ಟೋಕಿಯೋ ನಗರವನ್ನು ತುಳಿಯುತ್ತದೆ. ಗೊರಿಲ್ಲಕ್ಕೂ ತಿಮಿಂಗಿಲಕ್ಕೂ ಜಪಾನೀ ಭಾಷೆಯಲ್ಲಿರುವ ಹೆಸರುಗಳನ್ನು ಬೆಸೆದು ಅದಕ್ಕೆ ಗೊಜಿರ ಎಂದು ಹೆಸರಿಟ್ಟರು. ಹೊರದೇಶಗಳಲ್ಲಿ ಅದು ಗಾಡ್ಜಿಲ್ಲಾ ಆಯಿತು.

ಇಂಥ ಕಥೆಯನ್ನು ನಗೆಪಾಟಲಾಗದಂತೆ ಹೇಳುವುದು ಸುಲಭವಲ್ಲ. ಹೊಂಡ ಅದನ್ನು ತಾವು ಕಂಡ ಯುದ್ಧದ ಕಥೆಯೆಂದೇ ಭಾವಿಸಿದರು. ಇದರಲ್ಲಿ ನಂಬಿಕೆಯಿಲ್ಲದವರು ಈಗಲೇ ಹೊರಟುಹೋಗಬಹುದೆಂದು ಮೊದಲಿಗೇ ಎಲ್ಲರಿಗೂ ತಿಳಿಸಿದರಂತೆ. ಅವರೂ ತಂತ್ರನಿರ್ದೇಶಕ ಎಯಿಜಿ ತ್ಸುಬುರಾಯ ಅವರೂ ಗಿಂಜಾ ಪೇಟೆಯ ದೊಡ್ಡ ಅಂಗಡಿಯೊಂದರ ಮಾಳಿಗೆ ಹತ್ತಿ, ಊರಿನ ಯಾವ ಭಾಗವನ್ನು ಮೊದಲು ಸುಡಬೇಕು, ಯಾವುದನ್ನು ಆಮೇಲೆ ಕೆಡವಬೇಕು ಎಂದು ಗಂಭೀರವಾಗಿ ಚರ್ಚಿಸುತ್ತಿದ್ದುದನ್ನು ಕೇಳಿ ಕಾವಲುಗಾರರು ಹಿಡಿದು ವಿಚಾರಿಸಿದರೆಂಬ ವಿನೋದದ ಕಥೆಯೂ ಉಂಟು.

ಮೃಗವನ್ನು ನಡೆಸಿದ ಬಗೆಯನ್ನು ನಮ್ಮ ಸೀಮೆಯವರಿಗೆ ವಿವರಿಸುವುದು ಕಷ್ಟವಲ್ಲ. ಜಾತ್ರೆಗಳಲ್ಲಿ ಗಾರುಡಿ ಗೊಂಬೆಯನ್ನು ನೋಡದವರಾರು? ಬಿದಿರಿನ ಚೌಕಟ್ಟಿನ ಒಳಗೆ ಮನುಷ್ಯ ಹೊಕ್ಕು ಕುಣಿಯುತ್ತಾನೆ. ಹೊರಗಣವರಿಗೆ ಕಾಣುವುದು ದೈತ್ಯ. ಗೊಂಬೆಯ ಮೈಯಲ್ಲಿರುವ ಸಣ್ಣ ಕಂಡಿಯಿಂದ ಒಂದು ಜೊತೆ ಬೆವೆತ ಕಣ್ಣುಗಳು ಇಣುಕುವುದನ್ನು ಕಂಡು ನಾನು ಬಾಲ್ಯದಲ್ಲಿ ಬೆಚ್ಚಿದ್ದುಂಟು. ಗೊಜಿರನೊಳಗೆ ಹೊಕ್ಕವರು ಹರುವೊ ನಕಾಜಿಮ ಎಂಬ ನಟರು. ಮೊದಲು ಮಾಡಿದ ರಬ್ಬರಿನ ಕವಚದ ತೂಕ ಸುಮಾರು 100 ಕಿಲೋಗ್ರಾಂ. ಕೊರಳ ಬಳಿಯ ಕಂಡಿಗಳಿಂದಲೇ ದಾರಿ ನೋಡಬೇಕು. ದೊಡ್ಡ ಪ್ರಾಣಿ ಹೇಗೆ ಹೆಜ್ಜೆಯೂರುತ್ತದೆಂದು ತಿಳಿಯಲು ಅವರು ಮೃಗಾಲಯಕ್ಕೆ ಹೋಗಿ ಆನೆಯನ್ನೂ ಕರಡಿಯನ್ನೂ ನೋಡಿಬಂದರು. ಆ ನಡಿಗೆಯನ್ನು ಬಲು ವೇಗವಾಗಿ ಸೆರೆಹಿಡಿದು ನಿಧಾನವಾಗಿ ತೋರಿಸಿದಾಗ ದೇಹಕ್ಕೆ ಬೆಟ್ಟದ ಭಾರ ಬಂದಿತು. ಸಂಗೀತ ನಿರ್ದೇಶಕ ಅಕಿರ ಇಫುಕುಬೆ, ರಾಳ ಬಳಿದ ತೊಗಲಿನ ಕೈಚೀಲದಿಂದ ದೊಡ್ಡ ಪಿಟೀಲಿನ ತಂತಿಯನ್ನು ಉಜ್ಜಿ ಅದರ ಕೂಗನ್ನು ಹುಟ್ಟಿಸಿದರು. ಅದು ಗರ್ಜನೆಯೂ ಹೌದು, ಗೋಳೂ ಹೌದು.

1954ರ ನವೆಂಬರ್ 3ರಂದು ಚಿತ್ರ ತೆರೆಕಂಡಿತು. ಜನ ಮುಗಿಬಿದ್ದು ನೋಡಿದರು. ಉರಿಯುವ ಕಟ್ಟಡದ ಬುಡದಲ್ಲಿ ಮಕ್ಕಳನ್ನು ಅವುಚಿಕೊಂಡು, ಇನ್ನೇನು ನಿಮ್ಮ ತಂದೆಯನ್ನು ಸೇರುತ್ತೇವೆಂದು ಸಂತೈಸುವ ತಾಯಿ, ಗಾಯಾಳುಗಳಿಂದ ಕಿಕ್ಕಿರಿದ ಆಸ್ಪತ್ರೆ, ಇವು ಕಟ್ಟುಕಥೆಯ ದೃಶ್ಯಗಳೆಂದು ಆಗಿನ ಪ್ರೇಕ್ಷಕರಿಗೆ ತೋರಿರಲಾರದು. ಕೊನೆಯಲ್ಲಿ ಸೆರಿಜಾವ ಎಂಬ ವಿಜ್ಞಾನಿ ತಾನು ಕಂಡುಹಿಡಿದ ಘೋರವಾದ ಅಸ್ತ್ರದಿಂದ ಮೃಗವನ್ನು ಕೊಲ್ಲುತ್ತಾನೆ. ಆದರೆ ಆ ಅಸ್ತ್ರ ನಾಳೆ ಮನುಷ್ಯರ ಕೈಗೆ ಸಿಕ್ಕಬಾರದೆಂದು ಬರೆಹಗಳನ್ನೆಲ್ಲ ಸುಟ್ಟು, ತಾನೂ ಕಡಲಿನಡಿಯಲ್ಲಿ ಉಳಿದು ಪ್ರಾಣ ಬಿಡುತ್ತಾನೆ. ಮೃಗ ಸತ್ತಾಗ ನೋಡುವವರಿಗೆ ಗೆದ್ದ ಸಂತೋಷವಾಗುವುದಿಲ್ಲ. ಮೃಗ ತಾನಾಗಿ ಕೆಟ್ಟದ್ದಲ್ಲ. ಅಳತೆ ಮೀರಿ ಬೆಳೆದದ್ದೇ ಅದರ ದುರಂತ, ಎಂಬುದು ಹೊಂಡ ಅವರ ದೃಷ್ಟಿ.

*

ಆ ಗೆಲುವು ಅವರಿಗೆ ಬಂಧನವೂ ಆಯಿತು. ಸಂಸಾರದ ಕಥೆಗಳನ್ನು ಹೇಳಬಲ್ಲ ನಿರ್ದೇಶಕನಿಂದ ಸಂಸ್ಥೆಯವರು ಮತ್ತೆ ಮತ್ತೆ ದೈತ್ಯಮೃಗಗಳನ್ನೇ ಬಯಸಿದರು. ಅವರು ಗೊಣಗದೆ ಮಾಡಿದರು. ಪ್ರತಿಯೊಂದರಲ್ಲಿಯೂ ಒಂದು ಹಿಡಿ ಕರುಣೆಯನ್ನು ಬೆರೆಸಿದರು. 1956ರ ‘ರೊಡನ್’ ಚಿತ್ರದಲ್ಲಿ ಹಕ್ಕಿಯಂತಹ ಎರಡು ದೈತ್ಯಜೀವಿಗಳಿವೆ. ಒಂದು ಜ್ವಾಲಾಮುಖಿಯ ಬೆಂಕಿಗೆ ಬಿದ್ದಾಗ, ಹಾರಿ ಬದುಕಬಹುದಾಗಿದ್ದ ಇನ್ನೊಂದು ತಾನೂ ಅದೇ ಬೆಂಕಿಗೆ ಇಳಿಯುತ್ತದೆ. ಕ್ರೌಂಚದ ಶೋಕದಿಂದ ಕಾವ್ಯ ಹುಟ್ಟಿದ ನಾಡಿನವರು ನಾವು. ಇದನ್ನು ಬೇರೆಯವರು ವಿವರಿಸಬೇಕಾಗಿಲ್ಲ.

ಮೃಗಕ್ಕೆ ಎದುರಾಗಿ ಯಂತ್ರವನ್ನು ನಿಲ್ಲಿಸುವ ವಿಚಾರವೂ ಕ್ರಮವಾಗಿ ಬೆಳೆಯಿತು. 1957ರ ಚಿತ್ರವೊಂದರಲ್ಲಿ ಅನ್ಯಗ್ರಹದವರು ಕಳುಹಿಸಿದ ಲೋಹದ ದೈತ್ಯ ಊರನ್ನು ಹಾಳುಗೆಡಹಿತು. 1967ರಲ್ಲಿ ಕಿಂಗ್ ಕಾಂಗ್ ಎಂಬ ದೈತ್ಯ ವಾನರನಿಗೆ ಪ್ರತಿಯಾಗಿ ಯಂತ್ರದ ವಾನರ ಬಂದಿತು. ಉತ್ತರ ಧ್ರುವದಲ್ಲಿ ಹುದುಗಿದ ಖನಿಜವನ್ನು ಅಗೆಯಲು ಒಬ್ಬ ದುಷ್ಟ ವಿಜ್ಞಾನಿ ಆ ಯಂತ್ರವನ್ನು ಮಾಡಿಸುತ್ತಾನೆ. ಯಂತ್ರ ಕೆಟ್ಟು ನಿಂತಾಗ ಜೀವವುಳ್ಳ ವಾನರನನ್ನೇ ಹಿಡಿದುತಂದು ದುಡಿಸಲು ಹವಣಿಸುತ್ತಾನೆ. ಅವನ ಕಣ್ಣಿಗೆ ಎರಡೂ ಒಂದೇ, ಎರಡೂ ಕೂಲಿಯಾಳುಗಳು. ಮನುಷ್ಯನ ದುರಾಸೆಗೆ ಇದಕ್ಕಿಂತ ನೇರವಾದ ಚಿತ್ರ ಬೇಕಿಲ್ಲ.

1970ರ ಜನವರಿಯಲ್ಲಿ ತ್ಸುಬುರಾಯ ತೀರಿಕೊಂಡರು. ಮನೆಮನೆಗೆ ಟೆಲಿವಿಷನ್ ಬಂದು ಚಿತ್ರಮಂದಿರಗಳು ಬರಿದಾಗತೊಡಗಿದುವು. ಹಣ ಕಡಮೆಯಾಯಿತು, ಗೊಜಿರ ಬರಬರುತ್ತ ಮಕ್ಕಳ ಆಟಿಕೆಯಾದ. ಗೊಜಿರನ ಇಪ್ಪತ್ತನೆಯ ವರ್ಷವಾದ 1974ರಲ್ಲಿ ಜುನ್ ಫುಕುದ ಎಂಬ ನಿರ್ದೇಶಕರ ಚಿತ್ರದಲ್ಲಿ ಯಾಂತ್ರಿಕ ಗೊಜಿರ, ಅಂದರೆ ಮೆಕಾಗೊಜಿರ, ಮೊದಲು ಕಾಣಿಸಿಕೊಂಡಿತು. ಮೊದಲು ಮೃಗದ ತೊಗಲು ಹೊದ್ದು ಬಂದು, ಆಮೇಲೆ ಆ ತೊಗಲು ಸುಟ್ಟುಹೋಗಿ ಒಳಗಿನ ಉಕ್ಕು ಹೊಳೆದ ದೃಶ್ಯ ಜನರ ಮನಸ್ಸನ್ನು ಹಿಡಿಯಿತು. ಅದರ ಮುಂದಿನ ಕಥೆಯನ್ನು ನಿರ್ದೇಶಿಸಲು ಹೊಂಡ ಅವರನ್ನು ಮತ್ತೆ ಕರೆದರು. 1975ರ ಮಾರ್ಚಿಯಲ್ಲಿ ಬಂದ ಆ ಚಿತ್ರವೇ ನಾನು ಮೊಮ್ಮಗನೊಡನೆ ಕಂಡದ್ದು.

ಕಥೆ ಬರೆದವರು ಯುಕಿಕೊ ತಕಾಯಾಮ ಎಂಬ ಹೊಸ ಲೇಖಕಿ. ಸಂಸ್ಥೆ ನಡೆಸಿದ ಸ್ಪರ್ಧೆಯಲ್ಲಿ ಗೆದ್ದವರು. ಲೋಕದ ತಿರಸ್ಕಾರದಿಂದ ಕಹಿಯಾದ ಮಫುನೆ ಎಂಬ ವಿಜ್ಞಾನಿ ಪರಗ್ರಹದ ವೈರಿಗಳೊಡನೆ ಸೇರಿ ಯಂತ್ರವನ್ನು ಮರಳಿ ಕಟ್ಟುತ್ತಾನೆ. ಅವನ ಮಗಳು ಕತ್ಸುರ ಅಪಘಾತದಲ್ಲಿ ಸತ್ತವಳು. ವೈರಿಗಳು ಅವಳ ದೇಹದಲ್ಲಿ ಯಂತ್ರಗಳನ್ನು ಜೋಡಿಸಿ ಬದುಕಿಸಿದ್ದಾರೆ. ಕಡೆಗೆ ಮೆಕಾಗೊಜಿರನನ್ನು ನಡೆಸುವ ಕೀಲನ್ನೇ ಅವಳೊಳಗೆ ಇರಿಸುತ್ತಾರೆ. ಅವಳನ್ನು ಪ್ರೀತಿಸಿದ ತರುಣನೊಬ್ಬನಿದ್ದಾನೆ. ಅರೆ ಮನುಷ್ಯಳೂ ಅರೆ ಯಂತ್ರವೂ ಆದ ಆ ಹುಡುಗಿ, ತನ್ನೊಳಗೆ ಉಳಿದಿದ್ದ ಜೀವದ ಮಾತನ್ನು ಕೇಳಿ, ತನ್ನನ್ನು ತಾನೇ ಗುಂಡಿಟ್ಟು ಕೊಂದುಕೊಳ್ಳುತ್ತಾಳೆ. ಕೂಡಲೇ ಹೊರಗೆ ಉಕ್ಕಿನ ದೈತ್ಯ ನಿಂತಲ್ಲಿಯೇ ಕೆಡುತ್ತದೆ. ಕಾಳಗವನ್ನು ನಿಜವಾಗಿ ಗೆದ್ದವಳು ಅವಳು.

ಇಲ್ಲಿ ಇನ್ನೊಂದು ವಿಶೇಷವುಂಟು. ಮಫುನೆಯ ಪಾತ್ರ ವಹಿಸಿದ ಅಕಿಹಿಕೊ ಹಿರಾತ ಅವರೇ ಇಪ್ಪತ್ತೊಂದು ವರ್ಷ ಹಿಂದೆ ಸೆರಿಜಾವ ಆಗಿದ್ದವರು. ಅಂದು ತನ್ನ ವಿದ್ಯೆ ಲೋಕಕ್ಕೆ ಕೇಡಾಗಬಾರದೆಂದು ಪ್ರಾಣ ತೆತ್ತ ಮುಖವೇ ಇಂದು ಅದೇ ವಿದ್ಯೆಯನ್ನು ಹಗೆತನಕ್ಕೆ ಮಾರಿಕೊಂಡಿದೆ. ಒಬ್ಬನೇ ಮನುಷ್ಯನ ಮುಂದಿರುವ ಎರಡು ದಾರಿಗಳು ಇವು. ಮೇಜಿನ ಮೇಲೆ ಸಿಡಿಯದ ಗುಂಡನ್ನು ಇಟ್ಟುಕೊಂಡಿದ್ದವರಿಗೆ ಈ ಎರಡೂ ದಾರಿಗಳ ಅರ್ಥ ಚೆನ್ನಾಗಿ ತಿಳಿದಿತ್ತು.

ಚಿತ್ರ ಸೋತಿತು. ನೋಡಿದವರ ಸಂಖ್ಯೆ ಹತ್ತು ಲಕ್ಷವನ್ನೂ ಮುಟ್ಟಲಿಲ್ಲ. ಮೊದಲ ಗೊಜಿರನನ್ನು ಸುಮಾರು 96 ಲಕ್ಷ ಜನ ನೋಡಿದ್ದರು. ಗೊಜಿರನ ಕಥೆ ಒಂಬತ್ತು ವರ್ಷ ನಿಂತುಹೋಯಿತು. ನಿರ್ದೇಶಕರಾಗಿ ಹೊಂಡ ಅವರ ಕಡೆಯ ಚಿತ್ರವೂ ಅದೇ ಆಯಿತು.

*

ಇಂಥ ಕಡೆ ಬಹಳ ಮಂದಿಯ ಜೀವನಚರಿತ್ರೆ ಮುಗಿದುಹೋಗುತ್ತದೆ. ಹೊಂಡ ಅವರ ಬಾಳಿನ ಅತ್ಯಂತ ಸುಂದರವಾದ ಅಧ್ಯಾಯ ಇಲ್ಲಿಂದ ತೊಡಗುತ್ತದೆಂದು ನನಗನ್ನಿಸುತ್ತದೆ. ಜಗತ್ಪ್ರಸಿದ್ಧರಾಗಿದ್ದ ಕುರೊಸಾವ ಹಳೆಯ ಗೆಳೆಯನ ನೆರವನ್ನು ಬಯಸಿದರು. ನಲವತ್ತಕ್ಕೂ ಹೆಚ್ಚು ಚಿತ್ರಗಳನ್ನು ನಿರ್ದೇಶಿಸಿದ್ದ, ಎಪ್ಪತ್ತರ ಹತ್ತಿರದ ಹೊಂಡ, ಕಿಂಚಿತ್ತೂ ಬಿಗುಮಾನವಿಲ್ಲದೆ ಸಹಾಯಕರಾಗಿ ಹೋಗಿ ನಿಂತರು. 1980ರ ‘ಕಾಗೆಮುಷ’, 1985ರ ‘ರಾನ್’, 1990ರ ‘ಕನಸುಗಳು’, 1991ರ ‘ಆಗಸ್ಟಿನಲ್ಲಿ ಭಾವಗೀತೆ’, ಇವೆಲ್ಲವುಗಳಲ್ಲಿ ಅವರ ಕೈಯಿದೆ. ‘ಕನಸುಗಳು’ ಚಿತ್ರದಲ್ಲಿ, ಯುದ್ಧ ಮುಗಿಸಿ ಒಬ್ಬನೇ ಮರಳುವ ಅಧಿಕಾರಿಗೆ ಸುರಂಗದ ಕತ್ತಲಿನಿಂದ ಸತ್ತ ಸೈನಿಕರು ಎದುರಾಗುವ ಭಾಗವುಂಟು. ಹೊಂಡ ಅವರ ಸೇನೆಯ ಅನುಭವ ಅದಕ್ಕೆ ಒದಗಿತು. ಅವರ ಕನಸುಗಳನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಗೆಳೆಯರಿಬ್ಬರೂ ಕೂಡಿ ಮಾಡಿದ ಕಡೆಯ ಚಿತ್ರ ‘ಮಾದದಯೊ’, ಒಬ್ಬ ವೃದ್ಧ ಉಪಾಧ್ಯಾಯರ ಮತ್ತು ಅವರನ್ನು ಬಿಟ್ಟಿರಲಾರದ ಶಿಷ್ಯರ ಕಥೆ. ಅದು ತೆರೆಕಾಣುವುದಕ್ಕೆ ಸುಮಾರು ಒಂದೂವರೆ ತಿಂಗಳು ಮುಂಚೆ, 1993ರ ಫೆಬ್ರವರಿ 28ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ ಹೊಂಡ ಕಾಲವಶರಾದರು. ಅವರ ಸಮಾಧಿಯ ಶಿಲೆಯ ಮೇಲೆ ಅವರ ಸೌಜನ್ಯವನ್ನೂ ಪ್ರಾಮಾಣಿಕತೆಯನ್ನೂ ಕುರಿತು ಕುರೊಸಾವ ಬರೆದ ಮಾತುಗಳಿವೆ. ಅವರು ನಡೆಸಿದ ಮೃಗ ಮಾತ್ರ ಅಳಿಯಲಿಲ್ಲ. 2024ರಲ್ಲಿ ಜಪಾನಿನ ಇನ್ನೊಂದು ಗೊಜಿರ ಚಿತ್ರ ದೃಶ್ಯತಂತ್ರಕ್ಕಾಗಿ ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು.

ಹೊಂಡ ಯಂತ್ರದ್ವೇಷಿಗಳಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಅಣ್ಣ ಕಳುಹಿಸಿದ ವಿಜ್ಞಾನ ಪತ್ರಿಕೆಗಳನ್ನು ಓದಿ ಬೆಳೆದವರು; ಕ್ಯಾಮೆರಾ ಎಂಬ ಯಂತ್ರದಿಂದಲೇ ಅನ್ನ ಉಂಡವರು. ಎಂಜಿನ್ನು ಬಂದದ್ದರಿಂದ ನಮ್ಮ ಮನೆಯೂ ಕೆಡಲಿಲ್ಲ. ಆ ಬೆಲ್ಲದ ಹಣದಿಂದಲೇ ನಾನು ಓದಿದೆ. ಅವರು ಕೇಳಿಕೊಂಡದ್ದು ಬಹುಶಃ ಇಷ್ಟೆ: ಯಂತ್ರ ಗೆದ್ದ ದಿನ, ಸೋತ ಜೀವದ ಕಡೆ ಒಮ್ಮೆ ತಿರುಗಿ ನೋಡಬೇಕು. ಆ ದಿನ ಆಲೆಮನೆಯಲ್ಲಿ ನಾನು ತಿರುಗಿ ನೋಡಲಿಲ್ಲ.

ರಜ ಮುಗಿದು ಹೊರಡುವ ಹಿಂದಿನ ಸಂಜೆ ಮೊಮ್ಮಗನನ್ನು ಹಿತ್ತಿಲಿಗೆ ಕರೆದೊಯ್ದು, ಹಳೆಯ ಕೊಟ್ಟಿಗೆಯ ತೊಲೆಗೆ ಈಗಲೂ ತೂಗುಬಿದ್ದಿರುವ ಹಗ್ಗವನ್ನು ತೋರಿಸಿದೆ. ಎತ್ತುಗಳ ಕಥೆಯನ್ನು ಹೇಳಿದೆ. ಅವುಗಳ ಹೆಸರನ್ನೂ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡ. ಸ್ವಲ್ಪ ಹೊತ್ತಾದ ಮೇಲೆ, ಎಂಜಿನ್ನಿಗೂ ಹೆಸರಿಟ್ಟಿದ್ದಿರಾ ಎಂದು ಕೇಳಿದ. ಇಲ್ಲವೆಂದೆ.